ಬುಗಾಟ್ಟಿ ಇಬಿ 110: ವೇಗಕ್ಕೆ ತೆತ್ತ ಬೆಲೆ

ಎಟ್ಟೊರೆ ಬುಗಾಟ್ಟಿ ಜನಿಸಿ 110 ವರ್ಷಗಳಾದ ನೆನಪಿಗೆ, 1991ರ ಸೆಪ್ಟೆಂಬರ್‌ನಲ್ಲಿ ಅವರ ಹೆಸರಿನ ಹೊಸ ಕಾರೊಂದು ಪ್ಯಾರಿಸ್‌ನಲ್ಲಿ ಅನಾವರಣಗೊಂಡಿತು. ಫ್ರಾನ್ಸಿನ ಮೂಲ ಸಂಸ್ಥೆ ಕಾರು ತಯಾರಿಕೆ ನಿಲ್ಲಿಸಿ ದಶಕಗಳೇ ಕಳೆದಿದ್ದವು. ಆ ಹೆಸರಿಗೆ ಮರುಜೀವ ಕೊಡಲು ಹೊರಟವರು ಇಟಲಿಯ ಉದ್ಯಮಿ ರೊಮಾನೊ ಆರ್ಟಿಯೋಲಿ. ಮೊಡೆನಾ ಬಳಿಯ ಕಾಂಪೊಗಾಲ್ಯಾನೊದಲ್ಲಿ ಅವರು ಕಟ್ಟಿಸಿದ ಕಾರ್ಖಾನೆ 1995ರಲ್ಲಿ ದಿವಾಳಿಯಾಯಿತು. ತಯಾರಾದ ಕಾರುಗಳು ಸುಮಾರು 140 ಮಾತ್ರ. ಇದರ ವಿನ್ಯಾಸವನ್ನು ಭೌತವಿಜ್ಞಾನದ ದೃಷ್ಟಿಯಿಂದ ಹೇಗೆ ಅಳೆಯಬೇಕು?

ಮೊದಲು ಮೆಚ್ಚಬೇಕಾದುದನ್ನು ನೋಡೋಣ. ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ, ಹಿಂಬದಿಯ ಅಚ್ಚಿನ ಮುಂದೆ. ಭಾರವಾದ ಭಾಗ ಕಾರಿನ ನಡುವಿಗೆ ಸರಿದಷ್ಟೂ ಭ್ರಮಣ ಜಡತ್ವ ಕಡಿಮೆ; ತಿರುವಿನಲ್ಲಿ ಕಾರು ಚುರುಕು. 3.5 ಲೀಟರ್‌ನ, 12 ಸಿಲಿಂಡರುಗಳ ಎಂಜಿನ್‌ಗೆ ನಾಲ್ಕು ಟರ್ಬೊಗಳನ್ನು ಜೋಡಿಸಿದ್ದು ಸಹ ಜಾಣತನವೇ. ಒಂದೇ ಆಕಾರದ ಚಕ್ರದ ತ್ರಿಜ್ಯವನ್ನು ಅರ್ಧಕ್ಕೆ ಇಳಿಸಿದರೆ ಅದರ ಭ್ರಮಣ ಜಡತ್ವ 32ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪುಟ್ಟ ಚಕ್ರ ಹೆಚ್ಚು ಸುತ್ತು ತಿರುಗಬೇಕಾದರೂ ಬೇಗ ವೇಗ ಪಡೆಯುತ್ತದೆ.

ಆಕ್ಷೇಪ ಇರುವುದು ರಾಶಿಯ ಬಗ್ಗೆ. ಚೌಕಟ್ಟು ಹಗುರವಾದ ಕಾರ್ಬನ್ ನಾರಿನದು. ಆದರೆ ಅಲ್ಲಿ ಉಳಿಸಿದ್ದನ್ನು ನಾಲ್ಕು ಚಕ್ರಗಳ ಚಾಲನಾ ವ್ಯವಸ್ಥೆ ಮತ್ತು ಟರ್ಬೊಗಳ ಪರಿಕರಗಳು ಕಬಳಿಸಿದವು. ಕಾರಿನ ರಾಶಿ 1,600 ಕಿಲೋಗ್ರಾಂ ದಾಟಿತು. ಬುಗಾಟ್ಟಿಗೆ ಸ್ಪರ್ಧೆಗಳಲ್ಲಿ ಕೀರ್ತಿ ತಂದ 1924ರ ಟೈಪ್ 35 ಕಾರು ಇದರ ಅರ್ಧದಷ್ಟೂ ತೂಗುತ್ತಿರಲಿಲ್ಲ. ಉಳಿಸಿಕೊಳ್ಳಬೇಕಿದ್ದ ಪರಂಪರೆ ಆ ಹಗುರತನ.

ಅದರ ಬದಲು ಗರಿಷ್ಠ ವೇಗದ ಅಂಕಿಯನ್ನೇ ಮುಂದಿಡಲಾಯಿತು. ಗಾಳಿಯ ರೋಧ ವೇಗದ ವರ್ಗದಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ. ಇದೇ ಕಾರಿನ ಎರಡು ಮಾದರಿಗಳನ್ನು ಹೋಲಿಸಿ: ಜಿಟಿ ಮಾದರಿಗೆ 560 ಅಶ್ವಶಕ್ತಿ, ಗಂಟೆಗೆ 342 ಕಿಲೋಮೀಟರ್, ಎಸ್‌ಎಸ್ ಮಾದರಿಗೆ 611 ಅಶ್ವಶಕ್ತಿ, ಸುಮಾರು 351 ಕಿಲೋಮೀಟರ್. ಸಾಮರ್ಥ್ಯ ಶೇಕಡ 9ರಷ್ಟು ಹೆಚ್ಚಿದರೂ ವೇಗ ಹೆಚ್ಚಿದ್ದು ಶೇಕಡ 3ಕ್ಕಿಂತ ಕಡಿಮೆ. ಘನನಿಯಮ ಹೇಳುವುದೂ ಬಹುತೇಕ ಇದನ್ನೇ.

ಸಂಸ್ಥೆ ಮುಳುಗಲು ಆರ್ಥಿಕ ಹಿಂಜರಿತ, 1993ರಲ್ಲಿ ಲೋಟಸ್ ಕಂಪನಿಯನ್ನು ಕೊಂಡ ಸಾಲದ ಹೊರೆ ಮುಂತಾದ ಕಾರಣಗಳೂ ಇದ್ದವು. ಕಾರಿನ ಒಂದೊಂದು ಭಾಗಕ್ಕೂ ನಾನು ಪೂರ್ಣಾಂಕ ಕೊಟ್ಟೇನು, ಒಟ್ಟು ವಿನ್ಯಾಸಕ್ಕೆ ಕೊಡಲಾರೆ. 1998ರಲ್ಲಿ ಫೋಕ್ಸ್‌ವ್ಯಾಗನ್ ಈ ಹೆಸರನ್ನು ಕೊಂಡಿತು. 2005ರ ವೇರಾನ್ ಕಾರು ಗಂಟೆಗೆ 407 ಕಿಲೋಮೀಟರ್ ಮುಟ್ಟಿತು. ಅದಕ್ಕೆ ಬೇಕಾದದ್ದು 1,001 ಅಶ್ವಶಕ್ತಿ. ದಾರಿ ಅದೇ, ಹಣದ ಚೀಲ ಮಾತ್ರ ದೊಡ್ಡದು. ಘನನಿಯಮವನ್ನು ಪಾಠ ಮಾಡುವ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.