ಕಲ್ಲಿನ ಲಂಗರಿಗೆ ಒಂದು ಶಹಬ್ಬಾಸ್

ಎಕ್ಕಂಬಿಯಂಥ ಘಟ್ಟದ ಮೇಲಿನ ಊರಿನವರು ಕೆರೆಯಲ್ಲಿ ಗಾಳ ಹಾಕಲು ಪುಟ್ಟ ದೋಣಿ ಇಳಿಸಿದರೆ ದುಬಾರಿ ಲಂಗರು ಹುಡುಕಬೇಕಿಲ್ಲ. ಗಾಳಿಯಿಲ್ಲದ ನಿಂತ ನೀರಿಗೆ ನಡು ಸಪೂರವಾದ ಭಾರದ ಕಲ್ಲು, ಜಾರದಂತೆ ಬಿಗಿದ ನೈಲಾನ್ ಹಗ್ಗ ಸಾಕು.

ಇದು ಹಳೇ ಉಪಾಯ. ದ್ವಾರಕೆಯ ಕಡಲಡಿಯಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ತಜ್ಞರಿಗೆ ಕಲ್ಲಿನ ಲಂಗರುಗಳು ಹಲವು ಸಿಕ್ಕಿವೆ. ತ್ರಿಕೋನಾಕಾರದವುಗಳಲ್ಲಿ ಮೂರು ತೂತು: ಮೇಲಿನದು ಹಗ್ಗಕ್ಕೆ, ಕೆಳಗಿನೆರಡು ತಳ ಕಚ್ಚುವ ಮರದ ಗೂಟಗಳಿಗೆ.

ಬರಿಗಲ್ಲು ನಿಲ್ಲುವುದು ಮುಖ್ಯವಾಗಿ ತೂಕದ ಬಲದಿಂದ. ಶಿರಸಿ ಸೀಮೆಯಲ್ಲಿ ಹುಟ್ಟಿ ತದಡಿ ಬಳಿ ಕಡಲು ಸೇರುವ ಅಘನಾಶಿನಿಯ ಅಳಿವೆಯಲ್ಲಾದರೆ ಉಬ್ಬರವಿಳಿತದ ಸೆಳೆತಕ್ಕೆ ಅದು ಜಾರೀತು. ಅಲ್ಲಿ ಕೊಕ್ಕೆಯಿರುವ ಕಬ್ಬಿಣದ ಲಂಗರೇ ಬೇಕು. ಹಗ್ಗ ನೀರಿನ ಆಳದ ಐದಾರು ಪಟ್ಟಾದರೂ ಇರಲಿ. ಓರೆಯಾಗಿ ಎಳೆದರೆ ಮಾತ್ರ ಕೊಕ್ಕೆ ಚೆನ್ನಾಗಿ ಕಚ್ಚುತ್ತದೆ.

ಹಗ್ಗವನ್ನು ದೋಣಿಯ ಮುಂಭಾಗಕ್ಕೇ ಕಟ್ಟಿ. ಹಿಂಬದಿಗೆ ಕಟ್ಟಿದರೆ ಅಲೆ ಒಳನುಗ್ಗುವ ಅಪಾಯವಿದೆ.