ಲೋಹಾಫೆಕ್ಸ್: ಸೋಲೆಂದು ಮಡಚಿಟ್ಟ ಪಾಠ

ಹವಾಮಾನವನ್ನೇ ತಿದ್ದಹೊರಟ ಪ್ರಯೋಗಗಳ ಚರ್ಚೆಯಲ್ಲಿ ಲೋಹಾಫೆಕ್ಸ್ ಹೆಸರು ಬಂದರೆ, ‘ಅದು ಸೋತಿತಲ್ಲ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ 2009ರಲ್ಲಿ ಕೂಡಿ ನಡೆಸಿದ ಈ ಪ್ರಯೋಗಕ್ಕೆ ಇಷ್ಟು ತಾತ್ಸಾರ ಸಲ್ಲದು. ಕರಾವಳಿಯ ಕುಮಟಾ, ಹೊನ್ನಾವರ, ಭಟ್ಕಳದವರಂತೂ ಅದನ್ನು ಮತ್ತೆ ಓದಬೇಕು.

ಕಥೆ ಗೊತ್ತಿದ್ದದ್ದೇ. ವಾಜಿಹ್ ನಖ್ವಿ ಮತ್ತು ವಿಕ್ಟರ್ ಸ್ಮೆಟಾಸೆಕ್ ಅವರ ತಂಡ ದಕ್ಷಿಣ ಅಟ್ಲಾಂಟಿಕ್‌ನ 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣದ ಸಲ್ಫೇಟ್ ಬಿಟ್ಟಿತು. ಸೂಕ್ಷ್ಮ ಪಾಚಿ ಬೆಳೆದು, ಇಂಗಾಲ ಹೀರಿ, ಸತ್ತು ತಳ ಸೇರಬೇಕಿತ್ತು.

ಸೇರಲಿಲ್ಲ. ಏಕೆ ಎಂಬಲ್ಲೇ ಪ್ರಯೋಗದ ಸತ್ವವಿದೆ. ಗಟ್ಟಿ ಚಿಪ್ಪಿನ ಡಯಾಟಮ್ ಪಾಚಿಯನ್ನು ಮೇಯುವುದು ಸುಲಭವಲ್ಲ. ಆದರೆ ಆ ಚಿಪ್ಪಿಗೆ ಸಿಲಿಕಾ ಬೇಕು. ಅಲ್ಲಿನ ಸಿಲಿಕಾವನ್ನು ಹಿಂದಿನ ಸಹಜ ಬೆಳೆಗಳೇ ಬರಿದುಮಾಡಿದ್ದವು. ಹಾಗಾಗಿ ಚಿಪ್ಪಿಲ್ಲದ ಪಾಚಿ ಬೆಳೆಯಿತು, ಕೋಪಿಪಾಡ್‌ಗಳೆಂಬ ಸಣ್ಣ ಜೀವಿಗಳು ಅದನ್ನು ಮೇಯ್ದವು, ಕೋಪಿಪಾಡ್‌ಗಳನ್ನು ಸಿಗಡಿಯಂಥ ಆಂಫಿಪಾಡ್‌ಗಳು ತಿಂದವು. ಎರಡನೇ ಸಲ ಕಬ್ಬಿಣ ಹಾಕಿದರೂ ಪಾಚಿ ಹೆಚ್ಚಲಿಲ್ಲ. ಇಂಗಾಲದ ಲೆಕ್ಕ ಹಿಡಿದವರಿಗೆ ಇದು ಸೋಲು. ಕಡಲಿಗೆ ಗೊಬ್ಬರ ಹಾಕಿದವನ ಕೈಯಲ್ಲಿ ಫಸಲು ಇರುವುದಿಲ್ಲ ಎಂದು ಅಳೆದು ತೋರಿಸಿದ್ದು ಮಾತ್ರ ದೊಡ್ಡ ಗೆಲುವು. 39 ದಿನಗಳ ಅಳತೆ ದೀರ್ಘ ಪರಿಣಾಮ ಹೇಳಲಾರದು ಎಂಬ ಕೊರತೆ ನಿಜ.

ಈ ಪ್ರಯೋಗವನ್ನು ವಿರೋಧಿಸಿದವರ ಜೊತೆಗೂ ನನಗೆ ತಕರಾರಿದೆ. 2008ರ ಬಾನ್ ಜೀವವೈವಿಧ್ಯ ಸಮ್ಮೇಳನ ಕಡಲಿಗೆ ಗೊಬ್ಬರ ಹಾಕುವುದನ್ನು ತಡೆಹಿಡಿಯಲು ಕೋರಿ, ಕರಾವಳಿ ನೀರಿನ ಸಣ್ಣ ಪ್ರಯೋಗಗಳಿಗೆ ವಿನಾಯಿತಿ ಕೊಟ್ಟಿತು. ಲೋಹಾಫೆಕ್ಸ್ ತೆರೆದ ಸಾಗರಕ್ಕೆ ಹೋದದ್ದೇ ತಪ್ಪೆಂದವರು ಈ ವಿನಾಯಿತಿಯನ್ನು ಪ್ರಶ್ನಿಸಬೇಕಿತ್ತು. ಏಕೆಂದರೆ ಮಳೆಗಾಲದಿಂದ ಅಕ್ಟೋಬರ್‌ವರೆಗೆ ನಮ್ಮ ಪಶ್ಚಿಮ ಕರಾವಳಿಯತ್ತ ಏರಿಬರುವ ತಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಅಲ್ಲಿ ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡ್ ಉತ್ಪತ್ತಿ ಹೆಚ್ಚುತ್ತಿರುವುದನ್ನು ನಖ್ವಿ ಮತ್ತು ಸಂಗಡಿಗರೇ 2000ದಲ್ಲಿ ಪ್ರಕಟಿಸಿದ್ದರು. ಆ ನೀರಿನಲ್ಲಿ ಇನ್ನಷ್ಟು ಪಾಚಿ ಕೊಳೆತರೆ ಇದ್ದಬದ್ದ ಆಮ್ಲಜನಕವೂ ಹೋಗುತ್ತದೆ.

ಊಟದ ತಟ್ಟೆಯ ಪ್ರಶ್ನೆಯೂ ಇದೆ. ಕಬ್ಬಿಣ ಸೇರಿಸಿದರೆ ಕೆಲವು ಡಯಾಟಮ್‌ಗಳು ಡೊಮೊಯಿಕ್ ಆಮ್ಲವೆಂಬ ನರವಿಷವನ್ನು ಹೆಚ್ಚು ಸ್ರವಿಸುತ್ತವೆಂದು 2010ರ ಅಧ್ಯಯನವೊಂದು ತೋರಿಸಿತು. ಚಿಪ್ಪುಮೀನಿನಲ್ಲಿ ಸೇರುವ ಈ ವಿಷ ತಿಂದವರ ನೆನಪಿನ ಶಕ್ತಿಯನ್ನೇ ಕೆಡಿಸಬಲ್ಲದು. ಅಘನಾಶಿನಿ ಅಳಿವೆಯ ಬಳಚು ಎಂಬ ಚಿಪ್ಪುಮೀನು ಕೂಡ ನೀರು ಸೋಸಿ, ಪಾಚಿ ತಿಂದೇ ಬೆಳೆಯುತ್ತದೆ.

ಲೋಹಾಫೆಕ್ಸ್ ಪ್ರಾಮಾಣಿಕ ಅಧ್ಯಯನ, ಆದರೆ ಅಪೂರ್ಣ. ನಾಳೆ ಯಾರೇ ನಮ್ಮ ಕರಾವಳಿಯ ಕಡಲಿಗೆ ಇಂಥ ಯೋಜನೆ ತಂದರೂ ತದಡಿ, ಕಾಸರಕೋಡು, ತೆಂಗಿನಗುಂಡಿಯ ಮೀನುಗಾರರು ಇಂಗಾಲದ ಲೆಕ್ಕಕ್ಕಿಂತ ಮೊದಲು ನೀರಿನ ಆಮ್ಲಜನಕದ, ಬಳಚಿನ ವಿಷದ ಅಳತೆಯನ್ನು ಕೇಳಿ ಪಡೆಯಬೇಕು.