ಗಾಜು ಒಡೆಯುವ ಗುಂಡಿಗೆ

ಅಮೆರಿಕದ ಗಾಲ್ಫ್ ಚಾನೆಲ್‌ನಲ್ಲಿ 2003ರಿಂದ 2015ರವರೆಗೆ ಬಂದ ‘ದಿ ಬಿಗ್ ಬ್ರೇಕ್’ ಕೂಡ ಒಂದು ರಿಯಾಲಿಟಿ ಷೋ. ಒಂದಷ್ಟು ಜನರನ್ನು ಒಂದೆಡೆ ಕೂಡಿಹಾಕುವುದು, ಕ್ಯಾಮೆರಾ ಮುಂದೆ ಮನಸ್ಸಿನ ಮಾತು ಆಡಿಸುವುದು, ವಾರಕ್ಕೊಬ್ಬರನ್ನು ಮನೆಗೆ ಕಳಿಸುವುದು, ಎಲ್ಲವೂ ಅಲ್ಲಿತ್ತು. ಆದರೆ ಬಿಗ್ ಬಾಸ್ ನೋಡಿ ಅಭ್ಯಾಸವಾದವರಿಗೆ ಒಂದು ಸಂಗತಿ ವಿಚಿತ್ರ ಅನ್ನಿಸಬಹುದು. ಅಲ್ಲಿ ವೋಟು ಇರಲಿಲ್ಲ. ಪ್ರೇಕ್ಷಕರ ಎಸ್ಸೆಮ್ಮೆಸ್ ಇಲ್ಲ, ತೀರ್ಪುಗಾರರ ಅಂಕವೂ ಇಲ್ಲ. ಇಬ್ಬರು ಎಲಿಮಿನೇಷನ್‌ಗೆ ನಿಂತರೆ, ಚೆನ್ನಾಗಿ ಆಡಿದವರು ಉಳಿದರು, ಇನ್ನೊಬ್ಬರು ಕಿಟ್ ಹೆಗಲಿಗೇರಿಸಿಕೊಂಡು ಹೊರಟರು. ನಿಮಗೆ ಯಾರು ಇಷ್ಟ, ಯಾರು ಕಷ್ಟ ಎಂಬುದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಹಾಗಾಗಿಯೇ ಆ ಷೋ ಅಭಿಮಾನಿಗಳ ಮಾತುಕತೆಗೆ ಬೇರೆಯದೇ ಒಂದು ರುಚಿ ಇತ್ತು. ವೋಟು ಕೇಳುವ ಗೋಜಿಲ್ಲ, ಗುಂಪು ಕಟ್ಟುವ ಅಗತ್ಯವಿಲ್ಲ. ಉಳಿಯುವುದು ವಾದ ಮಾತ್ರ. ಇವನ ಗ್ರಿಪ್ ಸರಿಯಿಲ್ಲ, ಅವಳ ಪಟ್ಟಿಂಗ್ ಒತ್ತಡ ತಡೆಯಲ್ಲ, ಆ ಹುಡುಗ ದೂರ ಹೊಡೀತಾನೆ ಸರಿ, ಚಿಪ್ ಮಾಡೋಕೆ ಬರುತ್ತಾ? ನೋಡುವವರಲ್ಲಿ ಬಹಳ ಮಂದಿ ತಾವೂ ವಾರಾಂತ್ಯಕ್ಕೆ ಕ್ಲಬ್ ಹಿಡಿಯುವವರು. ಅವರು ಸ್ಪರ್ಧಿಗಳ ಬಗ್ಗೆ ಆಡಿದ ಮಾತಿನಲ್ಲಿ ಹೊಟ್ಟೆಕಿಚ್ಚು ಇರುತ್ತಿತ್ತು, ಅಕ್ಕರೆ ಇರುತ್ತಿತ್ತು, ಒಮ್ಮೊಮ್ಮೆ ಕೋಚ್‌ಗೂ ಕಾಣದ ಸೂಕ್ಷ್ಮ ಇರುತ್ತಿತ್ತು. ಈ ವಾರ ಆ ವಾದವನ್ನು ಮತ್ತೆ ಕೈಗೆತ್ತಿಕೊಳ್ಳುತ್ತಿದ್ದೇನೆ. ಆಗ ಮಾತಾಡಿದ್ದು ಎಷ್ಟು ನಿಜವಾಯಿತು ಎಂದು ನೋಡಲು ಈಗ ಸಾಕಷ್ಟು ವರ್ಷ ಕಳೆದಿವೆ.

ಮೊದಲ ಸೀಸನ್ ನಡೆದದ್ದು ಮಿಷಿಗನ್ ರಾಜ್ಯದ ಟ್ರೀಟಾಪ್ಸ್ ರಿಸಾರ್ಟ್‌ನಲ್ಲಿ. ಗೆದ್ದವನು ಜಸ್ಟಿನ್ ಪೀಟರ್ಸ್. ಆಗಿನಿಂದ ಈ ಷೋನ ದೊಡ್ಡ ಆಮಿಷ ಹಣವಲ್ಲ, ವೃತ್ತಿಪರ ಟೂರ್‌ನ ಪಂದ್ಯಗಳಿಗೆ ನೇರ ಪ್ರವೇಶ. ಅರ್ಹತಾ ಸುತ್ತುಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಿಯೂ ಒಳಗೆ ಕಾಲಿಡಲಾಗದವರಿಗೆ ಅದು ಎಂಥ ಆಸೆ ಎಂದು ಗಾಲ್ಫ್ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಷೋನ ಗುರುತಾಗಿ ಉಳಿದ ಎರಡು ಪರೀಕ್ಷೆಗಳನ್ನು ಹತ್ತಿರದಿಂದ ನೋಡೋಣ. ಒಂದು ಗಾಜು ಒಡೆಯುವುದು. ಎದುರಿಗೆ ಒಂದು ಚೌಕಟ್ಟು, ಅದರಲ್ಲಿ ಗಾಜಿನ ಫಲಕ. ಚೆಂಡು ಹೋಗಿ ಅದನ್ನು ಒಡೆಯಬೇಕು, ಅಷ್ಟೆ. ಮೇಲ್ನೋಟಕ್ಕೆ ಮಕ್ಕಳಾಟ. ಆದರೆ ಗಾಲ್ಫರ್ ಇಡೀ ಬದುಕು ಕಲಿಯುವುದು ಚೆಂಡನ್ನು ಎತ್ತರಕ್ಕೆ ಏರಿಸಿ ಮೃದುವಾಗಿ ಇಳಿಸುವುದನ್ನು. ಇಲ್ಲಿ ಅದು ನೆಲಮಟ್ಟದಲ್ಲಿ, ಸೀದಾ, ಸಿಟ್ಟಿನಿಂದ ಹೋಗಬೇಕು. ಕೈಗೆ ರೂಢಿಯಾದದ್ದನ್ನೆಲ್ಲ ಆ ಒಂದು ಗಳಿಗೆ ಪಕ್ಕಕ್ಕಿಡಬೇಕು. ಪಕ್ಕದವನ ಗಾಜು ಚೂರಾಗಿ ಉದುರಿದ ಸದ್ದು ಕೇಳಿದ ಮೇಲೆ ನಿಮ್ಮ ಸರದಿ ಬಂದರೆ, ಗ್ರಿಪ್ ಬಿಗಿಯಾಗದೆ ಇರುವುದಿಲ್ಲ.

ಇನ್ನೊಂದು ಗೋಡೆ. ಆಟಗಾರ ಗೋಡೆಯ ಹತ್ತಿರವೇ ನಿಲ್ಲಬೇಕು. ವೆಜ್‌ನ ಮುಖವನ್ನು ಆಕಾಶ ನೋಡುವಷ್ಟು ತೆರೆದು, ಚೆಂಡಿನ ಅಡಿಗೆ ಕ್ಲಬ್ಬನ್ನು ಜಾರಿಸಿ, ಗೋಡೆ ದಾಟಿಸಬೇಕು. ದಾಟಿತು ಅಂದರೆ ಗೋಡೆಯನ್ನು ಇನ್ನಷ್ಟು ಏರಿಸುತ್ತಾರೆ. ಈ ಹೊಡೆತದ ಗುಟ್ಟು ಏನೆಂದರೆ, ಜೋರಾಗಿ ಬೀಸಿದಷ್ಟೂ ಚೆಂಡು ಎತ್ತರಕ್ಕೆ ಏರುತ್ತದೆ. ಹೆದರಿ ಅರ್ಧಕ್ಕೆ ಕೈ ಹಿಡಿದವನ ಚೆಂಡು ಗೋಡೆಗೆ ಬಡಿದು ಅವನ ಕಾಲಬುಡಕ್ಕೇ ವಾಪಸ್ ಬರುತ್ತದೆ. ಮನಸ್ಸಿನ ಅಳುಕು ಇಷ್ಟು ಬೆತ್ತಲಾಗಿ ಕಾಣುವ ಹೊಡೆತ ಗಾಲ್ಫ್‌ನಲ್ಲಿ ಮತ್ತೊಂದಿಲ್ಲ ಎಂದು ನನ್ನ ನಂಬಿಕೆ.

ಅಭಿಮಾನಿಗಳು ಎಡವುತ್ತಿದ್ದುದೂ ಇಲ್ಲೇ. ಗೋಡೆ ದಾಟಿಸಿದವನಿಗೆ ಎದೆಗಾರಿಕೆ ಇದೆ, ದಾಟಿಸದವನಿಗೆ ಇಲ್ಲ ಎಂದು ಷರಾ ಬರೆದುಬಿಡುತ್ತಿದ್ದರು. ಟೂರ್ ಕೇಳುವುದು ಬೇರೆಯದನ್ನು. ನಾಲ್ಕು ದಿನ, 72 ಹೋಲ್, ಬೆಳಗಿನ ಮಂಜು, ಮಧ್ಯಾಹ್ನದ ಗಾಳಿ, ಕೆಟ್ಟ ಹೊಡೆತವಾದ ಮೇಲೆ ಮುಂದಿನ ಚೆಂಡಿನವರೆಗಿನ ಆ ಉದ್ದನೆಯ ನಡಿಗೆ. ಬಿಗ್ ಬ್ರೇಕ್‌ನಲ್ಲಿ ಈ ಪರೀಕ್ಷೆಗಳಲ್ಲಿ ಆ ನಡಿಗೆಯೇ ಇರಲಿಲ್ಲ. ಒಂದು ಹೊಡೆತ, ಕಾಯುವಿಕೆ, ಮತ್ತೊಂದು ಹೊಡೆತ. ಒಂದೇ ಏಟಿನ ಧೈರ್ಯ ಒಂದು ವಿದ್ಯೆ, ನಾಲ್ಕು ದಿನದ ತಾಳ್ಮೆ ಇನ್ನೊಂದು. ಎರಡೂ ಒಬ್ಬರಲ್ಲೇ ಇರಬೇಕೆಂದಿಲ್ಲ. ಇದ್ದರೂ ಒಂದೇ ವಯಸ್ಸಿನಲ್ಲಿ ಹಣ್ಣಾಗಬೇಕೆಂದಿಲ್ಲ.

ಟಾಮಿ ಗೇನಿಯ ವಿಷಯಕ್ಕೆ ಬರುತ್ತೇನೆ. ದಕ್ಷಿಣ ಕ್ಯಾರೊಲಿನಾದವನು. ಎ. ಓ. ಸ್ಮಿತ್ ಕಾರ್ಖಾನೆಯಲ್ಲಿ ನೀರು ಕಾಯಿಸುವ ಟ್ಯಾಂಕುಗಳಿಗೆ ಶಾಖ ಸೋರದಂತೆ ಹೊದಿಕೆ ಸುತ್ತುವ ಕೆಲಸ ಮಾಡಿದವನು. ನಮ್ಮ ಬೆಂಗಳೂರಿನ ಎಷ್ಟೋ ಬಚ್ಚಲುಮನೆಯ ಗೀಸರ್ ಮೇಲೆ ಇರುವುದು ಅದೇ ಹೆಸರು. ಗಾಲ್ಫರ್‌ಗಳು ಒಂದು ಕೈಗೆ ಗ್ಲೌಸ್ ಹಾಕಿದರೆ ಇವನದು ಎರಡೂ ಕೈಗೆ. ಬೇಸ್‌ಬಾಲ್ ಆಡಿದ ದಿನಗಳಿಂದ ಅಂಟಿಕೊಂಡ ಅಭ್ಯಾಸ. ಹಿಡಿತವೂ ಬೇಸ್‌ಬಾಲ್ ಬ್ಯಾಟಿನದೇ. ಸ್ವಿಂಗ್ ನೋಡಿದರೆ ಸೌದೆ ಒಡೆಯುವವನು ಕೊಡಲಿ ಬೀಸಿದ ಹಾಗೆ. 2005ರಲ್ಲಿ ಐರ್ಲೆಂಡಿನ ಕಾರ್ಟನ್ ಹೌಸ್‌ನಲ್ಲಿ ನಡೆದ ಅಮೆರಿಕ–ಯುರೋಪ್ ಸೀಸನ್‌ನಲ್ಲಿ ಅವನು ಕಾಣಿಸಿಕೊಂಡಾಗ ನೋಡಿದವರು ಎರಡು ಪಾಲಾದರು. ಒಂದು ಪಾಲಿಗೆ ಅವನು ಮನೆಮಗ, ಇನ್ನೊಂದು ಪಾಲಿಗೆ ಕೇವಲ ಮೋಜಿನ ವಸ್ತು. ಟೆಲಿವಿಷನ್ನಿಗೆ ಸರಿ, ಟೂರ್‌ಗೆ ಈ ಸ್ವಿಂಗ್ ನಡೆಯಲ್ಲ ಎಂದು ಎರಡನೆಯವರ ವಾದ.

ಆ ಸೀಸನ್ ಅವನು ಗೆಲ್ಲಲಿಲ್ಲ. 2007ರಲ್ಲಿ ಹಳೆಯ ಸ್ಪರ್ಧಿಗಳನ್ನು ಮತ್ತೆ ಕರೆತಂದು ಫ್ಲಾರಿಡಾದ ರಿಯೂನಿಯನ್ ರಿಸಾರ್ಟ್‌ನಲ್ಲಿ ಆಡಿಸಿದಾಗ ಗೆದ್ದ. ಅದೇ ವರ್ಷದ ಕೊನೆಗೆ ಕ್ವಾಲಿಫೈಯಿಂಗ್ ಸ್ಕೂಲ್ ಎಂಬ ಅರ್ಹತಾ ಸ್ಪರ್ಧೆ ದಾಟಿ ಪಿಜಿಎ ಟೂರ್‌ಗೆ ಹೋದ. 2008ರ ನವೆಂಬರ್‌ನಲ್ಲಿ ಡಿಸ್ನಿ ಅಂಗಳದ ಪಂದ್ಯದ ಕೊನೆಯ ದಿನ 64 ಹೊಡೆದೂ ಡೇವಿಸ್ ಲವ್‌ಗೆ ಒಂದೇ ಹೊಡೆತದಿಂದ ಸೋತ. ಅಣಕಿಸಿದವರು ಅಂದು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಅದೃಷ್ಟದ ವಾರ ಎಂದರು.

2012ರ ಅಕ್ಟೋಬರ್ 21. ಜಾರ್ಜಿಯಾದ ಸೀ ಐಲೆಂಡ್, ಮೆಕ್‌ಗ್ಲಾಡ್ರಿ ಕ್ಲಾಸಿಕ್. ಆ ಪಂದ್ಯದ ಆತಿಥೇಯ ಅದೇ ಡೇವಿಸ್ ಲವ್. ಶನಿವಾರ ಮುಗಿದಾಗ ಜಿಮ್ ಫ್ಯೂರಿಕ್ ಜತೆ ಮುನ್ನಡೆಯಲ್ಲಿದ್ದವನೂ ಅವನೇ. ಗೇನಿ ಏಳು ಹೊಡೆತ ಹಿಂದೆ. ಭಾನುವಾರ ಅವನು ಹೊಡೆದದ್ದು 60. ತನ್ನ ಆಟ ಮುಗಿಸಿ, ಕೊನೆಯ ಜೋಡಿ ಬರುವವರೆಗೆ ಕಾದು, ಡೇವಿಡ್ ಟಾಮ್ಸ್‌ಗಿಂತ ಒಂದು ಹೊಡೆತ ಮುಂದೆ ನಿಂತು ಟ್ರೋಫಿ ಎತ್ತಿದ. ಬಿಗ್ ಬ್ರೇಕ್‌ನಿಂದ ಬಂದವರಲ್ಲಿ ಪಿಜಿಎ ಟೂರ್ ಪಂದ್ಯ ಗೆದ್ದ ಮೊದಲಿಗ. ಸ್ವಿಂಗ್ ಮಾತ್ರ ಅದೇ ಹಳೆಯದು. ಆ ಸ್ವಿಂಗಿನಲ್ಲಿ ಒಂದು ಗುಣವಿತ್ತು, ಅಣಕಿಸಿದವರು ಗಮನಿಸಲಿಲ್ಲ: ಚೆಂಡಿಗೆ ತಾಗುವ ಗಳಿಗೆಯಲ್ಲಿ ಕ್ಲಬ್ಬಿನ ಮುಖ ಪ್ರತಿಸಲವೂ ಒಂದೇ ಕಡೆ ನೋಡುತ್ತಿತ್ತು. ಸ್ವಿಂಗ್ ನೋಡಬೇಡಿ, ಚೆಂಡು ನೋಡಿ ಎಂದು ನಾನು ಈ ಅಂಕಣದಲ್ಲಿ ಪದೇಪದೇ ಬರೆಯುವುದಕ್ಕೆ ಕಾರಣ ಈ ಮನುಷ್ಯ. 2020ರ ಜನವರಿಯಲ್ಲಿ, 44ನೇ ವಯಸ್ಸಿನಲ್ಲಿ, ಬಹಾಮಾಸ್‌ನಲ್ಲಿ ಎರಡನೇ ಹಂತದ ಕಾರ್ನ್ ಫೆರಿ ಟೂರ್‌ನ ಪಂದ್ಯ ಗೆದ್ದಾಗಲೂ ಆ ಬೀಸು ಬದಲಾಗಿರಲಿಲ್ಲ.

ಟೋನಿ ಫಿನೌ ಕಥೆ ತದ್ವಿರುದ್ಧ. ಅವನ ಸ್ವಿಂಗ್ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಸಾಲ್ಟ್ ಲೇಕ್ ಸಿಟಿಯ ರೋಸ್ ಪಾರ್ಕ್‌ನಲ್ಲಿ ಬೆಳೆದ, ಟೊಂಗಾ–ಸಮೋವ ಮೂಲದ ಹುಡುಗ. ಗಾಲ್ಫ್ ಅಭ್ಯಾಸಕ್ಕೆ ದುಡ್ಡಿಲ್ಲದ ಅಪ್ಪ ಗ್ಯಾರೇಜಿನಲ್ಲಿ ಹಾಸಿಗೆ ನೇತುಹಾಕಿ ಮಕ್ಕಳ ಕೈಲಿ ಚೆಂಡು ಹೊಡೆಸಿದ. 2009ರ ಡಿಸ್ನಿ ಸೀಸನ್‌ಗೆ ಬಂದಾಗ ಟೋನಿಗೆ ಇನ್ನೂ ಇಪ್ಪತ್ತರ ಆಸುಪಾಸು. ಅವನ ಡ್ರೈವ್ ಕಂಡವರೆಲ್ಲ ಇವನೇ ಗೆಲ್ಲುವುದು ಎಂದರು. ಫೈನಲ್‌ನಲ್ಲಿ ಮೈಕ್ ಪೆರೆಜ್ ಗೆದ್ದ. ಅಲ್ಲಿಂದ ಶುರುವಾದ ಮಾತು ವರ್ಷಗಟ್ಟಲೆ ಅವನ ಬೆನ್ನು ಬಿಡಲಿಲ್ಲ: ಪ್ರತಿಭೆ ಇದೆ, ಗೆಲ್ಲೋಕೆ ಬರಲ್ಲ.

2016ರಲ್ಲಿ ಪೋರ್ಟೊ ರಿಕೊ ಓಪನ್ ಗೆದ್ದ ಮೇಲೆ ಮುಂದಿನ ಗೆಲುವಿಗೆ ಐದು ವರ್ಷ ಹಿಡಿಯಿತು. ನಡುವೆ ಎಷ್ಟೋ ಸಲ ಎರಡನೆಯ ಸ್ಥಾನ. 2018ರ ಮಾಸ್ಟರ್ಸ್ ನೆನಪಿದೆಯೇ? ಹಿಂದಿನ ದಿನದ ಪಾರ್–3 ಸ್ಪರ್ಧೆಯಲ್ಲಿ ಹೋಲ್ ಇನ್ ಒನ್ ಆಯಿತೆಂದು ಹಿಗ್ಗಿ ಓಡಿದವನ ಕಣಕಾಲು ಜಾರಿತು. ಬಗ್ಗಿ ತಾನೇ ಅದನ್ನು ಒತ್ತಿ ಕೂರಿಸಿದ. ಮರುದಿನ ಆಡಲು ಬಂದ. ನಾಲ್ಕು ದಿನ ಆಡಿ ಮೊದಲ ಹತ್ತರೊಳಗೆ ಮುಗಿಸಿದ. ಅವನಿಗೆ ಗುಂಡಿಗೆ ಇಲ್ಲ ಎನ್ನುವವರ ಜತೆ ವಾದಿಸುವ ಆಸೆಯೇ ನನಗೆ ಅಂದಿನಿಂದ ಹೋಯಿತು. 2021ರ ಆಗಸ್ಟ್‌ನಲ್ಲಿ ನಾರ್ದರ್ನ್ ಟ್ರಸ್ಟ್‌ನ ಪ್ಲೇಆಫ್‌ನಲ್ಲಿ ಕ್ಯಾಮರೂನ್ ಸ್ಮಿತ್‌ನನ್ನು ಹಿಂದಿಕ್ಕಿ ಗೆದ್ದ. 2022ರಲ್ಲಿ ಮೂರು ಪಂದ್ಯ ಗೆದ್ದ, ಅದರಲ್ಲಿ ಎರಡು ಬೆನ್ನುಬೆನ್ನಿಗೆ. ಬಿಗ್ ಬ್ರೇಕ್ ಅಂಗಳದಿಂದ ಬಂದ ಗಂಡಸರಲ್ಲಿ ಅತಿ ದೊಡ್ಡ ಆಟಗಾರ ಯಾರೆಂದರೆ, ಆ ಷೋ ಗೆಲ್ಲದ ಇವನೇ.

ಮಹಿಳೆಯರ ಸೀಸನ್‌ಗಳ ಬಗ್ಗೆ ನಡೆದ ಮಾತುಕತೆಯನ್ನು ನಾನು ಅಷ್ಟು ಅಕ್ಕರೆಯಿಂದ ನೆನೆಯಲಾರೆ. ವರ್ಜಿನಿಯಾದ ಕಿಂಗ್ಸ್‌ಮಿಲ್‌ನಲ್ಲಿ ನಡೆದ ಮೂರನೆಯ ಸೀಸನ್ ಪೂರ್ತಿ ಹೆಣ್ಣುಮಕ್ಕಳದ್ದು. ಆಗಿನಿಂದಲೇ ಉಡುಪು, ಕೂದಲು, ಕಪ್ಪು ಕನ್ನಡಕದ ಮೇಲೆ ಹರಿದಷ್ಟು ಮಾತು ಅವರ ಐರನ್ ಹೊಡೆತಗಳ ಮೇಲೆ ಹರಿಯಲಿಲ್ಲ. ಷೋ ಎಡಿಟ್ ಮಾಡಿದ ರೀತಿಯೂ ಅದಕ್ಕೆ ಕುಮ್ಮಕ್ಕು ಕೊಟ್ಟಿತು. ಅನೇಕ ಸೀಸನ್‌ಗಳನ್ನು ನಡೆಸಿಕೊಟ್ಟ ಸ್ಟೆಫನಿ ಸ್ಪಾರ್ಕ್ಸ್ ಸ್ವತಃ ಎಲ್‌ಪಿಜಿಎ ಆಡಿದವರು. ಸೋತವರ ಹತ್ತಿರ ಅವರು ಕೇಳುವ ಪ್ರಶ್ನೆಯಲ್ಲಿ ಆ ಅನುಭವದ ಮೆದುತನವಿತ್ತು. 2024ರಲ್ಲಿ, ಐವತ್ತನೇ ವಯಸ್ಸಿಗೇ ಅವರು ತೀರಿಕೊಂಡರು.

ಮಾತಿನ ಆ ಗದ್ದಲದಲ್ಲಿ ಕಣ್ತಪ್ಪಿ ಹೋದವರನ್ನು ನೋಡಿ. ಪ್ರಿನ್ಸ್ ಎಡ್ವರ್ಡ್ ಐಲೆಂಡ್ ಸೀಸನ್‌ನಲ್ಲಿ ಗೆಲ್ಲದೆ ಹೋದ ಜೆರಿನಾ ಮೆಂಡೋಜ, ಮದುವೆಯ ನಂತರ ಜೆರಿನಾ ಪಿಲ್ಲರ್. 2015ರ ಸೋಲ್ಹೈಮ್ ಕಪ್, ಅಮೆರಿಕ–ಯುರೋಪ್ ಮಹಿಳಾ ತಂಡಗಳ ಸ್ಪರ್ಧೆ, ಜರ್ಮನಿಯ ಸಾಂಕ್ಟ್ ಲಿಯೋನ್–ರೋಟ್. ಕೊನೆಯ ದಿನ ಬೆಳಿಗ್ಗೆ ಅಮೆರಿಕ 6–10ರಿಂದ ಹಿಂದೆ. ಜೆರಿನಾ ಆಡುತ್ತಿದ್ದದ್ದು ಜರ್ಮನಿಯ ಕರೋಲಿನ್ ಮಾಸನ್ ಎದುರು. 18ನೇ ಗ್ರೀನ್‌ನಲ್ಲಿ ಹತ್ತು ಅಡಿಯ ಆಸುಪಾಸಿನ ಒಂದು ಪಟ್ ಉಳಿಯಿತು. ತಪ್ಪಿದರೆ ಪಂದ್ಯ ಸಮ, ಯುರೋಪಿಗೆ ಕಪ್. ಸುತ್ತ ನೆರೆದಿದ್ದವರಲ್ಲಿ ಬಹುಪಾಲು ಎದುರಾಳಿಯ ಕಡೆಯವರು. ಚೆಂಡು ಒಳಗೆ ಬಿತ್ತು. ಅಮೆರಿಕ 14½–13½ರಿಂದ ಗೆದ್ದಿತು. ಒಂದೇ ಹೊಡೆತಕ್ಕೆ ಎಲ್ಲವನ್ನೂ ಪಣಕ್ಕಿಡುವ ಪರೀಕ್ಷೆ ಟೂರ್‌ನಲ್ಲೂ ಬರುತ್ತದೆ, ಅಪರೂಪಕ್ಕೆ. ಬಂದಾಗ, ಗಾಜಿನ ಮುಂದೆ ನಿಂತು ಬಂದವರಿಗೆ ಆ ನಿಶ್ಶಬ್ದ ಹೊಸದಲ್ಲ. ಸ್ಯಾಂಡಲ್ಸ್ ಸೀಸನ್‌ನ ರಯಾನ್ ಓಟೂಲ್ ಕೂಡ ಹೀಗೇ ಕಾದು, 2021ರಲ್ಲಿ ಡಂಬಾರ್ನಿಯಲ್ಲಿ ಮಹಿಳೆಯರ ಸ್ಕಾಟಿಷ್ ಓಪನ್ ಗೆದ್ದಳು.

ಜೆರಿನಾ ಆ ಸೋಲ್ಹೈಮ್ ಕಪ್‌ನ ಮರುವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಳು. ಅದೇ ಪಟ್ಟಿಯಲ್ಲಿ 18 ವರ್ಷದ ನಮ್ಮ ಅದಿತಿ ಅಶೋಕ್ ಕೂಡ ಇದ್ದಳು, ಅಪ್ಪನೇ ಕ್ಯಾಡಿ. ಮೊದಲ ಎರಡು ದಿನ 68, 68 ಹೊಡೆದಾಗ ಗಾಲ್ಫ್ ಗೊತ್ತಿಲ್ಲದ ಬೆಂಗಳೂರಿಗರೂ ಸ್ಕೋರ್ ಕೇಳಲು ಶುರುಮಾಡಿದರು. ಟೋಕಿಯೊದಲ್ಲಿ ಅಮ್ಮ ಕ್ಯಾಡಿ, ನಾಲ್ಕನೆಯ ಸ್ಥಾನ. ಆ ಶನಿವಾರ ಬೆಳ್ಳಂಬೆಳಿಗ್ಗೆ ಟಿವಿ ಮುಂದೆ ಕೂತು ಕನ್ನಡದಲ್ಲಿ ಪಟ್, ಬರ್ಡಿ ಎಂದು ವಾದಿಸಿದ ಮನೆಗಳನ್ನು ನಾನು ಬಲ್ಲೆ. ಚೆಂಡು ದೂರ ಹೋಗಲ್ಲ, ಆದರೆ ಪಟ್ಟಿಂಗ್ ನೋಡಿ ಎಂದು ಅವರು ಅಂದು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಕಣ್ಣಿಟ್ಟು ನೋಡಿದವರಿಗೆ ಆಟ ಬೇಗ ಅರ್ಥವಾಗುತ್ತದೆ.

ಷೋ ಗೆದ್ದೂ ಟೂರ್‌ನಲ್ಲಿ ನಿಲ್ಲಲಾಗದವರನ್ನು ಅಭಿಮಾನಿಗಳು ಬಹಳ ಕಟುವಾಗಿ ಅಳೆದರು. ಅದು ನನಗೆ ಒಪ್ಪಿಗೆಯಿಲ್ಲ. ಬೆರಳೆಣಿಕೆಯ ಪಂದ್ಯಗಳಿಗೆ ಪ್ರವೇಶ ಕೊಟ್ಟರೆ ಬಾಗಿಲು ತೆರೆದಂತೆ, ನೆಲೆ ಕೊಟ್ಟಂತಲ್ಲ. ಎರಡನೆಯ ಸೀಸನ್ ಗೆದ್ದ ಕಿಪ್ ಹೆನ್ಲಿ ಮುಂದೆ ಪಿಜಿಎ ಟೂರ್‌ನಲ್ಲಿ ಬ್ರಯಾನ್ ಗೇ ಅವರ ಕ್ಯಾಡಿಯಾಗಿ ಹೆಸರು ಮಾಡಿದ. ಅದನ್ನು ಇಳಿತ ಎಂದವರಿಗೆ ಕ್ಯಾಡಿಯ ಕೆಲಸ ಏನೆಂದು ಗೊತ್ತಿಲ್ಲ. ಗಾಳಿಯ ದಿಕ್ಕು, ಗಜದ ಲೆಕ್ಕ, ಆಟಗಾರನ ಮನಸ್ಸು ಮೂರನ್ನೂ ಒಟ್ಟಿಗೆ ಓದಬೇಕಾದವನು ಅವನು. ಒತ್ತಡದಲ್ಲಿ ತಾನೇ ನಿಂತು ಬಂದವನಿಗಿಂತ ಅದನ್ನು ಚೆನ್ನಾಗಿ ಯಾರು ಮಾಡಿಯಾರು?

ಕೊನೆಯದಾಗಿ ರಿಚಿ ವೆರೆನ್‌ಸ್ಕಿ. 2015ರ ಪಾಮ್ ಬೀಚಸ್ ಸೀಸನ್ ಗೆದ್ದವನು, ಅಂದರೆ ಆ ಷೋನ ಕೊನೆಯ ವಿಜೇತ. 2020ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಟ್ರಕಿಯಲ್ಲಿ ನಡೆದ ಬ್ಯಾರಕೂಡ ಚಾಂಪಿಯನ್‌ಷಿಪ್ ಗೆದ್ದ. ಆ ಪಂದ್ಯದ ಅಂಕಪದ್ಧತಿಯೇ ಬೇರೆ. ಬರ್ಡಿಗೆ ಎರಡು ಅಂಕ, ಈಗಲ್‌ಗೆ ಐದು, ಬೋಗಿಗೆ ಒಂದೇ ಅಂಕ ಕಡಿತ. ಹುಷಾರಾಗಿ ಆಡಿ ಪಾರ್ ಮಾಡಿದರೆ ಸೊನ್ನೆ. ಕೊನೆಯ ದಿನ 16ನೇ ಹೋಲ್‌ನಲ್ಲಿ ಫೇರ್‌ವೇಯಿಂದ ಹೊಡೆದ ಚೆಂಡು ಸೀದಾ ಕುಳಿಗೆ ಬಿತ್ತು, ಐದು ಅಂಕ. 18ರಲ್ಲಿ ಬರ್ಡಿ, ಟ್ರಾಯ್ ಮೆರಿಟ್‌ಗಿಂತ ಒಂದೇ ಅಂಕ ಮುಂದೆ. ಟೂರ್‌ನ ಇಡೀ ವರ್ಷದ ಪಟ್ಟಿಯಲ್ಲಿ ಬಿಗ್ ಬ್ರೇಕ್‌ಗೆ ಅತಿ ಹತ್ತಿರದ ಪಂದ್ಯ ಯಾವುದೆಂದು ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ. ಗೇನಿಯ ನಂತರ ಇನ್ನೊಬ್ಬ ಬಿಗ್ ಬ್ರೇಕ್ ವಿಜೇತ ಟೂರ್‌ನಲ್ಲಿ ಗೆದ್ದದ್ದು ಅಲ್ಲೇ ಎಂಬುದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. ಒಪ್ಪದವರು ಆ ಭಾನುವಾರದ ಕೊನೆಯ ಮೂರು ಹೋಲ್‌ಗಳನ್ನು ಒಮ್ಮೆ ನೋಡಿ, ಆಮೇಲೆ ನನ್ನ ಜತೆ ಜಗಳಕ್ಕೆ ಬನ್ನಿ.